ಬಾವಿ ಅಗ್ಗವಾಯಿತು, ಲಾಭ ಯಾರ ಪಾಲಾಯಿತು?

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಫಯೆಟ್‌ವಿಲ್ ಎಂಬ ಅನಿಲ ಕ್ಷೇತ್ರವಿದೆ. ಶೇಲ್ ಎಂಬ ಪದರುಗಲ್ಲಿನೊಳಗೆ ಸಿಕ್ಕಿಕೊಂಡ ಅನಿಲ ಅದು. ಅಲ್ಲಿ ಎಲ್ಲರಿಗಿಂತ ಮೊದಲು ಕಾಲಿಟ್ಟು, ಎಲ್ಲರಿಗಿಂತ ಹೆಚ್ಚು ಬಾವಿ ಕೊರೆದದ್ದು ಸೌತ್‌ವೆಸ್ಟರ್ನ್ ಎನರ್ಜಿ ಎಂಬ ಕಂಪನಿ. 2007ರಲ್ಲಿ ಒಂದು ಬಾವಿ ಕೊರೆದು ಮುಗಿಸಲು ಅದಕ್ಕೆ ಸುಮಾರು 17 ದಿನ ಹಿಡಿಯುತ್ತಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಕೆಲಸ ಒಂದು ವಾರದೊಳಗೆ ಮುಗಿಯತೊಡಗಿತು. ನೆಲದಡಿಯಲ್ಲಿ ಅಡ್ಡಕ್ಕೆ ಸಾಗುವ ಭಾಗದ ಉದ್ದ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹಾಗಿದ್ದರೂ ಬಾವಿಯೊಂದರ ಖರ್ಚು ಮೊದಲಿಗಿಂತ ಇಳಿಯಿತು. ಕೊರೆಯುವ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಅಂಕಪಟ್ಟಿ ಸಿಗುವುದು ಕಷ್ಟ.

ಇನ್ನು ಅದೇ ನೆಲದಲ್ಲಿ ದುಡ್ಡು ಹಾಕಿದವರ ಕಡೆಗೆ ನೋಡೋಣ. ಆಸ್ಟ್ರೇಲಿಯಾದ ದೈತ್ಯ ಗಣಿ ಕಂಪನಿ ಬಿಎಚ್‌ಪಿ 2011ರಲ್ಲಿ ಚೆಸಪೀಕ್ ಎನರ್ಜಿಯ ಕೈಯಿಂದ ಫಯೆಟ್‌ವಿಲ್‌ನ ಒಂದು ದೊಡ್ಡ ಪಾಲನ್ನು 475 ಕೋಟಿ ಡಾಲರ್ ಕೊಟ್ಟು ಕೊಂಡಿತು. 2018ರಲ್ಲಿ ಅದನ್ನೇ ಮಾರಿದಾಗ ಬಂದದ್ದು 30 ಕೋಟಿ ಡಾಲರ್. ಅನಿಲ ಬತ್ತಿಹೋಗಿರಲಿಲ್ಲ. ಬಾವಿ ಕೊರೆಯುವುದು ದುಬಾರಿಯೂ ಆಗಿರಲಿಲ್ಲ. ಅಗ್ಗವಾಗಿ ಕೊರೆಯುವ ವಿದ್ಯೆ ಒಬ್ಬರ ಬಳಿಯೇ ಉಳಿಯದೆ ಎಲ್ಲರಿಗೂ ದಕ್ಕಿತ್ತು. ಪೆನ್ಸಿಲ್ವೇನಿಯಾ, ಲೂಸಿಯಾನ, ಟೆಕ್ಸಸ್ ಹೀಗೆ ಎಲ್ಲೆಡೆಯಿಂದ ಅನಿಲ ಉಕ್ಕಿ ಬಂತು. 2008ರ ಬೇಸಿಗೆಯಲ್ಲಿ 13 ಡಾಲರ್ ದಾಟಿದ್ದ ಅನಿಲದ ದರ 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗೂ ಕೆಳಗೆ ಬಿತ್ತು.

ತೈಲ ಕಂಪನಿಗಳು ಕೊರೆಯುವ ವೆಚ್ಚವನ್ನು ಶೇ 20ರಷ್ಟು, ಶೇ 30ರಷ್ಟು ತಗ್ಗಿಸಿವೆ ಎಂಬ ಸುದ್ದಿ ಬಂದಾಗಲೆಲ್ಲ ನನಗೆ ಫಯೆಟ್‌ವಿಲ್ ನೆನಪಾಗುತ್ತದೆ. ಷೇರುಪೇಟೆಯಲ್ಲಿ ಆಗ ಒಂದು ಲೆಕ್ಕ ತಾನಾಗಿಯೇ ನಡೆದುಬಿಡುತ್ತದೆ: ಖರ್ಚು ಇಳಿದಿದೆ, ಹಾಗಾದರೆ ಲಾಭ ಏರುತ್ತದೆ, ಹಾಗಾದರೆ ಷೇರು ಕೊಳ್ಳಬಹುದು. ಮೊದಲ ಮಾತು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಅಲ್ಲಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿಯೇ ಸಾವಿರಾರು ಕೋಟಿ ಡಾಲರ್ ಕರಗಿಹೋಗಿದೆ. ಉಳಿಸಿದ ಹಣಕ್ಕೆ ಹಕ್ಕುದಾರರು ಬಹಳ ಮಂದಿ. ಷೇರುದಾರ ಆ ಸಾಲಿನಲ್ಲಿ ಕೊನೆಗೆ ನಿಂತವನು.

1609ರಿಂದ 316ಕ್ಕೆ

2014ರ ಜೂನ್‌ನಲ್ಲಿ ಬ್ರೆಂಟ್ ಕಚ್ಚಾತೈಲ ಬ್ಯಾರೆಲ್‌ಗೆ 115 ಡಾಲರ್ ಇತ್ತು. ಅಮೆರಿಕದ ಶೇಲ್ ತೈಲ ಪೇಟೆಗೆ ಧುಮುಕಿದಂತೆ ದರ ಜಾರತೊಡಗಿತು. ಆ ವರ್ಷ ನವೆಂಬರ್ 27ರಂದು ವಿಯೆನ್ನಾದಲ್ಲಿ ಒಪೆಕ್ ದೇಶಗಳು ಸಭೆ ಸೇರಿದಾಗ, ಉತ್ಪಾದನೆ ತಗ್ಗಿಸಿ ದರಕ್ಕೆ ಆಸರೆ ಕೊಡೋಣ ಎಂಬ ಬೇಡಿಕೆಗೆ ಸೌದಿ ಅರೇಬಿಯಾದ ತೈಲ ಸಚಿವ ಅಲಿ ಅಲ್ ನಯೀಮಿ ಒಪ್ಪಲಿಲ್ಲ. ದುಬಾರಿ ಬಾವಿಗಳವರು ತಾವಾಗಿ ಸೋತು ಹಿಂದೆ ಸರಿಯಲಿ ಎಂಬುದು ಸೌದಿಯ ಲೆಕ್ಕಾಚಾರ. 2016ರ ಫೆಬ್ರುವರಿಯಲ್ಲಿ ಅಮೆರಿಕದ ಕಚ್ಚಾತೈಲ 26 ಡಾಲರ್‌ಗೆ ಇಳಿಯಿತು.

ಬೇಕರ್ ಹ್ಯೂಸ್ ಕಂಪನಿ ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ರಿಗ್‌ಗಳನ್ನು, ಅಂದರೆ ಬಾವಿ ಕೊರೆಯುವ ಯಂತ್ರಗಳನ್ನು, 1944ರಿಂದ ಎಣಿಸುತ್ತ ಬಂದಿದೆ. ಅದರ ಲೆಕ್ಕದಂತೆ 2014ರ ಅಕ್ಟೋಬರ್‌ನಲ್ಲಿ ತೈಲ ಕೊರೆಯುತ್ತಿದ್ದ ರಿಗ್‌ಗಳು 1,609. 2016ರ ಮೇ ಹೊತ್ತಿಗೆ ಉಳಿದದ್ದು 316. ಐದರಲ್ಲಿ ನಾಲ್ಕು ಭಾಗ ರಿಗ್‌ಗಳು ಮೂಲೆ ಸೇರಿದವು. ತೈಲದ ಉತ್ಪಾದನೆ ಮಾತ್ರ ದಿನಕ್ಕೆ 96 ಲಕ್ಷ ಬ್ಯಾರೆಲ್‌ನಿಂದ ಸುಮಾರು 85 ಲಕ್ಷಕ್ಕೆ, ಅಂದರೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಇಳಿಯಿತು, ಅಷ್ಟೇ. ಸೌದಿಯ ಲೆಕ್ಕ ತಪ್ಪಿದ್ದು ಇಲ್ಲಿ. ಶೇಲ್ ಕಂಪನಿಗಳು ಕಡಿಮೆ ರಿಗ್‌ನಲ್ಲಿ ಹೆಚ್ಚು ತೈಲ ತೆಗೆಯುವುದನ್ನು ಕಲಿತುಬಿಟ್ಟಿದ್ದವು. ಅಮೆರಿಕ ಸರ್ಕಾರದ ಇಂಧನ ಮಾಹಿತಿ ಇಲಾಖೆ 2016ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಆ ದೇಶದ ಪ್ರಮುಖ ಶೇಲ್ ಪ್ರದೇಶಗಳಲ್ಲಿ ಬಾವಿಯೊಂದರ ವೆಚ್ಚ 2012ರಲ್ಲಿ ಇದ್ದದ್ದಕ್ಕಿಂತ 2015ರಲ್ಲಿ ಶೇ 25ರಿಂದ 30ರಷ್ಟು ಕಡಿಮೆಯಾಗಿತ್ತು.

ಈ ಶೇ 30 ಹೇಗೆ ಬಂತು ಎನ್ನುವುದನ್ನು ಬಿಡಿಸಿ ನೋಡುವುದರಲ್ಲೇ ಹೂಡಿಕೆದಾರನ ಹಿತವಿದೆ.

ಪಶ್ಚಿಮ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಸುತ್ತಮುತ್ತಲಿನ ಪರ್ಮಿಯನ್ ಪ್ರದೇಶದಲ್ಲಿ ಇಂದು ಬಾವಿ ಕೊರೆಯುವ ಬಗೆ ಹೀಗಿದೆ. ಒಂದು ಜಾಗವನ್ನು ಸಮತಟ್ಟು ಮಾಡಿ, ಜಲ್ಲಿ ಹಾಸಿ, ಅದರ ಮೇಲೆ ರಿಗ್ ನಿಲ್ಲಿಸುತ್ತಾರೆ. ಹಿಂದೆಲ್ಲ ಒಂದು ಬಾವಿ ಮುಗಿದರೆ ಇಡೀ ರಿಗ್ ಬಿಚ್ಚಿ, ಹತ್ತಾರು ಲಾರಿಗಳಲ್ಲಿ ಹೇರಿಕೊಂಡು ಮುಂದಿನ ಜಾಗದಲ್ಲಿ ಮತ್ತೆ ಜೋಡಿಸಬೇಕಿತ್ತು. ಈಗ ರಿಗ್‌ನ ಬುಡದಲ್ಲಿ ಹೈಡ್ರಾಲಿಕ್ ಪಾದಗಳಿವೆ. ಕೊರೆಯುವ ಗೋಪುರ ನೆಟ್ಟಗೆ ನಿಂತಹಾಗೆಯೇ, ಕೊಳವೆಗಳನ್ನೂ ಹೊತ್ತುಕೊಂಡು, ಇಂಚಿಂಚಾಗಿ ಪಕ್ಕಕ್ಕೆ ಸರಿದು ಕೆಲವೇ ಗಂಟೆಗಳಲ್ಲಿ ಪಕ್ಕದ ಬಾವಿಯ ಬಾಯಿಗೆ ಬಂದು ನಿಲ್ಲುತ್ತದೆ. ಅದೇ ಜಾಗದಿಂದ ನಾಲ್ಕು, ಎಂಟು, ಕೆಲವೊಮ್ಮೆ ಇಪ್ಪತ್ತಕ್ಕೂ ಹೆಚ್ಚು ಬಾವಿ. ನೆಲದಡಿ ಎರಡು ಮೈಲಿ ಕೆಳಗಿಳಿದ ಕೊಳವೆ ಅಲ್ಲಿ ಬಾಗಿ, ಅಡ್ಡಕ್ಕೆ ಒಂದು ಮೈಲಿ ಹೋಗುತ್ತಿದ್ದದ್ದು ಈಗ ಎರಡು, ಮೂರು, ನಾಲ್ಕು ಮೈಲಿಯವರೆಗೂ ಹೋಗುತ್ತದೆ. ಜಮೀನಿನ ಗಡಿ ಅಡ್ಡ ಬಂದರೆ ಕೊಳವೆಯನ್ನು ನೆಲದಡಿಯಲ್ಲೇ ಲಾಳದಂತೆ ಬಾಗಿಸಿ ಹಿಂದಕ್ಕೆ ತರುವವರೂ ಇದ್ದಾರೆ. ನೀರು, ಮರಳು, ರಾಸಾಯನಿಕ ಬೆರೆಸಿ ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳುವ ಫ್ರ್ಯಾಕಿಂಗ್ ಕೆಲಸವನ್ನು ಎರಡು ಬಾವಿಗಳಿಗೆ, ಈಚೆಗೆ ಮೂರು ಬಾವಿಗಳಿಗೆ, ಒಟ್ಟೊಟ್ಟಿಗೆ ಮಾಡುತ್ತಾರೆ. ಇಂಥ ಉಳಿತಾಯ ಗಟ್ಟಿಯಾದದ್ದು. ತೈಲದ ದರ ನಾಳೆ ಏರಿದರೂ ರಿಗ್ ಬಿಚ್ಚಿ ಲಾರಿಗೆ ತುಂಬುವ ಹಳೆಯ ಪದ್ಧತಿಗೆ ಯಾರೂ ಮರಳುವುದಿಲ್ಲ.

ಆದರೆ ಆ ಶೇ 30ರಲ್ಲಿ ಇದರ ಪಾಲು ಒಂದು ಭಾಗ ಮಾತ್ರ. ಇನ್ನೊಂದು ದೊಡ್ಡ ಭಾಗ ಬಂದದ್ದು ರಿಗ್ ಬಾಡಿಗೆಯವರ, ಪಂಪಿನವರ, ಕೊಳವೆ ಮಾರುವವರ ಕತ್ತು ಹಿಡಿದು ದರ ಇಳಿಸಿದ್ದರಿಂದ. ರಿಗ್ ಖಾಲಿ ನಿಲ್ಲಿಸುವುದಕ್ಕಿಂತ ನಷ್ಟಕ್ಕಾದರೂ ಓಡಿಸೋಣ ಎಂದು ಅವರು ಒಪ್ಪಿಕೊಂಡರು. ಷ್ಲುಂಬರ್ಜರ್, ಹ್ಯಾಲಿಬರ್ಟನ್‌ನಂಥ ಸೇವಾ ಕಂಪನಿಗಳು ಹತ್ತಾರು ಸಾವಿರ ಮಂದಿಯನ್ನು ಮನೆಗೆ ಕಳಿಸಿದವು. ತೈಲ ಚೇತರಿಸಿಕೊಂಡ ದಿನ ಇದೇ ಜನ ಹಳೆಯ ದರ ಕೇಳುತ್ತಾರೆ, ಕೇಳಿದ್ದಾರೆ ಕೂಡ. ಮೂರನೆಯದು ಇನ್ನೂ ನವಿರಾದದ್ದು, ಅದು ಕಾಣುವುದು ಬಾವಿಯ ವೆಚ್ಚದಲ್ಲಲ್ಲ, ಬ್ಯಾರೆಲ್ ವೆಚ್ಚದಲ್ಲಿ. ದರ ಬಿದ್ದಾಗ ಕಂಪನಿಗಳು ತಮ್ಮ ಬಳಿ ಇರುವ ಅತ್ಯುತ್ತಮ ಜಾಗಗಳಲ್ಲಿ ಮಾತ್ರ ಕೊರೆಯುತ್ತವೆ, ಸಾಧಾರಣ ಜಾಗಗಳನ್ನು ಹಾಗೆಯೇ ಬಿಡುತ್ತವೆ. ಸರಾಸರಿ ಬಾವಿಯಿಂದ ಬರುವ ತೈಲ ಹೆಚ್ಚುತ್ತದೆ, ಬ್ಯಾರೆಲ್ ಲೆಕ್ಕದಲ್ಲಿ ವೆಚ್ಚ ಇಳಿದಂತೆ ಕಾಣುತ್ತದೆ. ಜಾಣತನ ಹೆಚ್ಚಿದ್ದರಿಂದ ಬಂದ ಫಲವಲ್ಲ ಅದು. ಒಳ್ಳೆಯ ಜಾಗ ಮೊದಲೇ ಖರ್ಚಾಗುತ್ತಿದೆ, ಅಷ್ಟೇ.

ವಾರ್ಷಿಕ ವರದಿಯಲ್ಲಿ ಈ ಮೂರೂ ಒಂದೇ ಅಂಕಿಯಾಗಿ ಬರುತ್ತವೆ. ಬಿಡಿಸಿ ಕೇಳುವ ಹೊಣೆ ಓದುವವನದು.

ಒಬ್ಬರ ಉಳಿತಾಯ, ಇನ್ನೊಬ್ಬರ ದಿವಾಳಿ

ಫ್ರ್ಯಾಕಿಂಗ್‌ಗೆ ಬೇಕಾದ ಮರಳಿನ ಕಥೆಯನ್ನು ನಾನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೂಡಿಕೆದಾರ ಎಂದರೆ ಯಾರು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಸೀಳಿದ ಬಂಡೆ ಮತ್ತೆ ಮುಚ್ಚಿಕೊಳ್ಳದಂತೆ ಬಿರುಕಿನೊಳಗೆ ನಿಲ್ಲುವುದೇ ಮರಳಿನ ಕೆಲಸ. ಬಹುಕಾಲ ಟೆಕ್ಸಸ್‌ಗೆ ಈ ಮರಳು ಬರುತ್ತಿದ್ದದ್ದು ದೂರದ ವಿಸ್ಕಾನ್ಸಿನ್‌ನಿಂದ, ರೈಲಿನಲ್ಲಿ. ಗುಂಡಗಿನ, ಗಟ್ಟಿಯಾದ ಬಿಳಿ ಮರಳು. ಅದರ ಬೆಲೆಗಿಂತ ಸಾಗಣೆಯೇ ದುಬಾರಿ. 2017ರ ಜುಲೈನಲ್ಲಿ ಹೈ-ಕ್ರಶ್ ಎಂಬ ಕಂಪನಿ ಟೆಕ್ಸಸ್‌ನ ಕರ್ಮಿಟ್ ಪಟ್ಟಣದ ಬಳಿಯ ಮರಳುದಿಬ್ಬಗಳಲ್ಲೇ ಗಣಿ ತೆರೆಯಿತು. ಸ್ಥಳೀಯ ಮರಳು ಅಷ್ಟು ಗಟ್ಟಿಯಲ್ಲದಿದ್ದರೂ ಕೆಲಸಕ್ಕೆ ಸಾಕು ಎಂದು ತೈಲ ಕಂಪನಿಗಳು ತೀರ್ಮಾನಿಸಿದವು. ಬಾವಿಯೊಂದಕ್ಕೆ ಲಕ್ಷಾಂತರ ಡಾಲರ್ ಉಳಿಯಿತು. ಬೆನ್ನಿಗೇ ಇನ್ನಷ್ಟು ಗಣಿಗಳು ಅಲ್ಲಿಯೇ ತಲೆಯೆತ್ತಿದವು, ಮರಳಿನ ದರ ನೆಲಕಚ್ಚಿತು. ವಿಸ್ಕಾನ್ಸಿನ್‌ನ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 2020ರ ಜೂನ್‌ನಲ್ಲಿ ಕೋವಿಯಾ, ಜುಲೈನಲ್ಲಿ ಹೊಸ ದಾರಿ ತೋರಿದ ಹೈ-ಕ್ರಶ್ ಕಂಪನಿಯೇ ದಿವಾಳಿ ಅರ್ಜಿ ಹಾಕಿದವು.

ಸಮುದ್ರದಲ್ಲೂ ಇದೇ ಆಯಿತು. ಆಳಕಡಲಿನಲ್ಲಿ ಕೊರೆಯುವ ಹಡಗಿನ ಬಾಡಿಗೆ 2013-14ರಲ್ಲಿ ದಿನಕ್ಕೆ 6 ಲಕ್ಷ ಡಾಲರ್‌ವರೆಗೆ ಹೋಗಿತ್ತು. ಮೂರ್ನಾಲ್ಕು ವರ್ಷಗಳಲ್ಲಿ 2 ಲಕ್ಷಕ್ಕೂ ಕೆಳಗಿಳಿಯಿತು. ತೈಲ ಕಂಪನಿಗಳ ಪಾಲಿಗೆ ಇದು ಒಳ್ಳೆಯ ಕಾಲ. ಮೆಕ್ಸಿಕೊ ಕೊಲ್ಲಿಯ ಮ್ಯಾಡ್ ಡಾಗ್ ಎರಡನೇ ಹಂತದ ಯೋಜನೆಯ ವೆಚ್ಚ 2,000 ಕೋಟಿ ಡಾಲರ್ ದಾಟುತ್ತದೆ ಎಂದು ಮೊದಲು ಹೇಳಿದ್ದ ಬಿಪಿ, ವಿನ್ಯಾಸವನ್ನು ಸರಳಗೊಳಿಸಿ 900 ಕೋಟಿಗೆ ಇಳಿಸಿ 2016ರ ಕೊನೆಯಲ್ಲಿ ಅನುಮೋದನೆ ಕೊಟ್ಟಿತು. 2023ರಲ್ಲಿ ಅಲ್ಲಿ ತೈಲವೂ ಬಂತು. ನಾರ್ವೆಯ ಯೊಹಾನ್ ಕಾಸ್ಟ್‌ಬರ್ಗ್ ಯೋಜನೆಯಲ್ಲಿ ಈಕ್ವಿನಾರ್ ಇಂಥದ್ದೇ ಸಾಧನೆ ತೋರಿಸಿತು. ಬ್ಯಾರೆಲ್‌ಗೆ 80 ಡಾಲರ್ ಇದ್ದರೆ ಮಾತ್ರ ಅಸಲು ಗಿಟ್ಟುತ್ತದೆ ಎನ್ನುತ್ತಿದ್ದ ಯೋಜನೆಯನ್ನು 35 ಡಾಲರ್‌ಗೂ ಕೆಳಗೆ ತಂದಿದ್ದೇವೆ ಎಂದು 2017ರಲ್ಲಿ ಪ್ರಕಟಿಸಿತು. ಮುಂದೆ ಅದರ ವೆಚ್ಚ ಮತ್ತೆ ಗಣನೀಯವಾಗಿ ಏರಿತು, 2022ಕ್ಕೆ ಬರಬೇಕಿದ್ದ ತೈಲ 2025ರ ಮಾರ್ಚ್ ಕೊನೆಗೆ ಬಂತು. ಇತ್ತ ಕೊರೆಯುವ ಹಡಗುಗಳ ಒಡೆಯರಾದ ಸೀಡ್ರಿಲ್, ನೋಬಲ್, ವಲಾರಿಸ್, ಡೈಮಂಡ್ ಆಫ್‌ಶೋರ್ ಎಲ್ಲವೂ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು, ಸೀಡ್ರಿಲ್ ಎರಡು ಸಲ. ಅವುಗಳ ಹಳೆಯ ಷೇರುದಾರರಿಗೆ ಉಳಿದದ್ದು ಅತ್ಯಲ್ಪ.

ಹಾಗಾಗಿ ಕೊರೆಯುವ ವೆಚ್ಚ ಇಳಿಯಿತು ಎಂಬ ಸುದ್ದಿ ಓದುವಾಗ, ನಮ್ಮ ಕೈಯಲ್ಲಿರುವುದು ಖರ್ಚು ಮಾಡುವ ಕಂಪನಿಯ ಷೇರೋ, ಆ ಖರ್ಚನ್ನೇ ಆದಾಯವಾಗಿ ಪಡೆಯುವ ಕಂಪನಿಯ ಷೇರೋ ಎಂದು ಮೊದಲು ನೋಡಿಕೊಳ್ಳಬೇಕು. ಹ್ಯೂಸ್ಟನ್, ಅಬುಧಾಬಿ, ಕುವೈತ್‌ಗಳಲ್ಲಿ ಈ ಉದ್ಯಮದಲ್ಲಿ ದುಡಿಯುವ ಕನ್ನಡಿಗರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸಂಬಳ ಕೊಡುವ ಕಂಪನಿಯ ಷೇರಿನಲ್ಲಿಯೇ ಉಳಿತಾಯವನ್ನೂ ಇಟ್ಟವರಿಗೆ ವೆಚ್ಚ ಕಡಿತದ ಏಟು ಬಿದ್ದರೆ ಎರಡೂ ಕಡೆಯಿಂದ ಬೀಳುತ್ತದೆ. 2025ರಲ್ಲಿ ಷೆವ್ರಾನ್ ತನ್ನ ಸಿಬ್ಬಂದಿಯಲ್ಲಿ ಶೇ 20ರವರೆಗೆ, ಕೊನಾಕೊಫಿಲಿಪ್ಸ್ ಶೇ 20ರಿಂದ 25ರಷ್ಟು ಕಡಿತ ಮಾಡುವುದಾಗಿ ಹೇಳಿವೆ.

ಉಳಿದದ್ದನ್ನು ಮತ್ತೆ ನೆಲಕ್ಕೆ ಸುರಿದರು

ಉತ್ಪಾದಕ ಕಂಪನಿಯ ಷೇರು ಇಟ್ಟವರಾದರೂ ಗೆದ್ದರೇ? 2010ರ ದಶಕದ ಮಟ್ಟಿಗೆ ಹೇಳುವುದಾದರೆ, ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಇದರ ಒಳಗುಟ್ಟು ಬೇಗ ಅರ್ಥವಾಗುತ್ತದೆ. ಬೋರ್‌ವೆಲ್ ಲಾರಿಯವರು ಅಡಿಗಿಷ್ಟು ಎಂಬ ದರ ಇಳಿಸಿದಾಗ ಎಲ್ಲರೂ ಕೊರೆಸುತ್ತಾರೆ. ಎಲ್ಲರೂ ಕೊರೆಸಿದ ಮೇಲೆ ನೀರು ಇನ್ನಷ್ಟು ಆಳಕ್ಕೆ ಹೋಗುತ್ತದೆ, ಅಗ್ಗದ ದರದಲ್ಲಿ ಉಳಿಸಿದ್ದೆಲ್ಲ ಹೆಚ್ಚಿನ ಅಡಿಗಳಿಗೆ ಖರ್ಚಾಗುತ್ತದೆ. ತೈಲದಲ್ಲಿ ಕೆಳಗಿಳಿಯುವುದು ಬೆಲೆ. ಅದರ ಜೊತೆಗೆ ಶೇಲ್ ಬಾವಿಗೆ ಒಂದು ಹುಟ್ಟುಗುಣವಿದೆ. ಮೊದಲ ವರ್ಷದಲ್ಲಿಯೇ ಅದರ ಹರಿವು ಮೂರನೇ ಎರಡು ಭಾಗದಷ್ಟು ಕುಸಿಯುತ್ತದೆ. ಕಳೆದ ವರ್ಷದಷ್ಟೇ ತೈಲ ಈ ವರ್ಷವೂ ಬೇಕಾದರೆ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು. ಬೆಳವಣಿಗೆ ತೋರಿಸಬೇಕಾದರೆ ಇನ್ನೂ ಹೆಚ್ಚು ಕೊರೆಯಬೇಕು. ಮೇಲಧಿಕಾರಿಗಳ ಬೋನಸ್ ನಿಂತಿದ್ದದ್ದು ಬಹುಪಾಲು ಉತ್ಪಾದನೆ ಎಷ್ಟು ಹೆಚ್ಚಿತು ಎಂಬುದರ ಮೇಲೆ. ಉಳಿದ ದುಡ್ಡು ಇನ್ನೆಲ್ಲಿಗೆ ಹೋದೀತು?

2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಹೂಡಿಕೆದಾರರ ಸಮಾವೇಶವೊಂದರಲ್ಲಿ ಡೇವಿಡ್ ಐನ್‌ಹಾರ್ನ್ ಎಂಬ ಹೆಸರಾಂತ ನಿಧಿ ನಿರ್ವಾಹಕರು ಈ ಲೆಕ್ಕವನ್ನು ಬಹಿರಂಗವಾಗಿ ಮಂಡಿಸಿದರು. ದೊಡ್ಡ ಶೇಲ್ ಕಂಪನಿಗಳು 2006ರಿಂದ ತೈಲ ಮಾರಿ ಗಳಿಸಿದ್ದಕ್ಕಿಂತ 8,000 ಕೋಟಿ ಡಾಲರ್ ಹೆಚ್ಚು ಖರ್ಚು ಮಾಡಿವೆ ಎಂದರು. ತೈಲ 100 ಡಾಲರ್ ಇದ್ದಾಗಲೂ ಇವು ನಗದು ಉಳಿಸಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಆ ಕಂಪನಿಗಳು ನಡೆಯುತ್ತಿದ್ದದ್ದು ಸಾಲದ ಮೇಲೆ, ಹೊಸ ಷೇರು ಮಾರಿ ಬಂದ ಹಣದ ಮೇಲೆ. ಅಷ್ಟಾದರೂ ಹಣದ ಹರಿವು ನಿಲ್ಲಲಿಲ್ಲ. ಕೊರೆಯುವ ವೆಚ್ಚ ಇಳಿದಿದೆ ಎಂಬ ಸುದ್ದಿಯೇ ಹೊಸ ಸಾಲಕ್ಕೆ ಆಧಾರವಾಯಿತು. 2019ರ ಕೊನೆಗೆ ಅಮೆರಿಕದ ಉತ್ಪಾದನೆ ದಿನಕ್ಕೆ 130 ಲಕ್ಷ ಬ್ಯಾರೆಲ್ ಸಮೀಪಿಸಿತು, ಜಗತ್ತಿನಲ್ಲೇ ಅತಿ ಹೆಚ್ಚು. ಎಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ದೊಡ್ಡ ಗೆಲುವು. 2015ರಿಂದ 2020ರವರೆಗೆ ಉತ್ತರ ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ತೈಲ-ಅನಿಲ ಉತ್ಪಾದಕ ಕಂಪನಿಗಳು ದಿವಾಳಿಯಾದದ್ದು ಆ ಗೆಲುವಿನ ಇನ್ನೊಂದು ಮುಖ.

2020ರ ಏಪ್ರಿಲ್ 1ರಂದು ವೈಟಿಂಗ್ ಪೆಟ್ರೋಲಿಯಂ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ದಿನ ಮುಂಚೆ ಅದರ ಆಡಳಿತ ಮಂಡಳಿ ಮೇಲಧಿಕಾರಿಗಳಿಗೆ 1.46 ಕೋಟಿ ಡಾಲರ್ ಬೋನಸ್ ಮಂಜೂರು ಮಾಡಿತ್ತು. ಇದನ್ನು ಓದಿದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಷೇರುದಾರರ ಹಣ ಮಣ್ಣುಪಾಲಾಗುವಾಗ ಅಧಿಕಾರಿಗಳ ಕಿಸೆ ತುಂಬಿಸಲು ಕಾನೂನು ಅಡ್ಡಿಪಡಿಸಲಿಲ್ಲ. ಅದೇ ತಿಂಗಳ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ ಸೊನ್ನೆಗೂ ಕೆಳಗಿಳಿದು, ಮೈನಸ್ 37.63 ಡಾಲರ್‌ಗೆ ಮುಟ್ಟಿತು. ಜೂನ್‌ನಲ್ಲಿ ಚೆಸಪೀಕ್ ದಿವಾಳಿಯಾಯಿತು. ಆಗಸ್ಟ್‌ನಲ್ಲಿ, 1928ರಿಂದ ಡೌ ಜೋನ್ಸ್ ಸೂಚ್ಯಂಕದಲ್ಲಿದ್ದ ಎಕ್ಸಾನ್ ಹೊರಬಿತ್ತು. ಅಮೆರಿಕದ ಐನೂರು ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ 2014ರಲ್ಲಿ ಶೇ 10ರಷ್ಟು ತೂಕ ಹೊಂದಿದ್ದ ಇಂಧನ ಕ್ಷೇತ್ರ ಶೇ 2ರ ಆಸುಪಾಸಿಗೆ ಕುಗ್ಗಿತು.

ಬದಲಾವಣೆ ಬಂದದ್ದು ಆ ಪೆಟ್ಟಿನ ನಂತರ. 2021ರಲ್ಲಿ ಡೆವಾನ್, ಪಯನೀರ್ ಮುಂತಾದ ಕಂಪನಿಗಳು ಹೊಸ ಪದ್ಧತಿ ತಂದವು. ಒಂದು ನಿಗದಿತ ಡಿವಿಡೆಂಡ್, ಅದರ ಮೇಲೆ ಆ ತ್ರೈಮಾಸಿಕದಲ್ಲಿ ಉಳಿದ ನಗದಿನ ಇಂತಿಷ್ಟು ಪಾಲು. ಉತ್ಪಾದನೆ ಹೆಚ್ಚಿಸುವುದರ ಹಿಂದೆ ಓಡುವುದು ಬಿಟ್ಟು ಷೇರುದಾರನ ಕೈಗೆ ಹಣ ಕೊಡುತ್ತೇವೆ ಎಂದರು, 2022ರಲ್ಲಿ ತೈಲ 100 ಡಾಲರ್ ದಾಟಿದಾಗಲೂ ಬಹುತೇಕ ಮಾತಿಗೆ ನಿಂತರು. ಅಗ್ಗದ ಬಾವಿಯ ಫಲ ಷೇರುದಾರನಿಗೆ ನಿಜವಾಗಿ ಸಿಕ್ಕಿದ್ದು ಆ ಎರಡು ವರ್ಷಗಳಲ್ಲಿ. ಗಮನಿಸಬೇಕಾದ್ದೆಂದರೆ, ಆಗ ಸೇವಾ ದರಗಳು ಏರುತ್ತಿದ್ದವು. ವೆಚ್ಚ ಇಳಿಯುತ್ತಿದ್ದ ವರ್ಷಗಳಲ್ಲಿ ಕಳೆದುಕೊಂಡವರು ವೆಚ್ಚ ಏರುತ್ತಿದ್ದ ವರ್ಷಗಳಲ್ಲಿ ಗಳಿಸಿದರು.

ಅದಾದ ಮೇಲೆ ಬಂದದ್ದು ನುಂಗಿಕೊಳ್ಳುವ ಕಾಲ. ಎಕ್ಸಾನ್ ಸುಮಾರು 6,000 ಕೋಟಿ ಡಾಲರ್‌ಗೆ ಪಯನೀರ್ ಕಂಪನಿಯನ್ನು, ಡೈಮಂಡ್‌ಬ್ಯಾಕ್ 2,600 ಕೋಟಿಗೆ ಎಂಡೆವರ್ ಕಂಪನಿಯನ್ನು ಕೊಂಡವು. ಅಕ್ಕಪಕ್ಕದ ಜಮೀನು ಒಂದಾದರೆ ಉದ್ದದ ಅಡ್ಡಬಾವಿ ಕೊರೆಯಬಹುದು, ವೆಚ್ಚ ಇನ್ನಷ್ಟು ಇಳಿಯುತ್ತದೆ ಎಂಬುದು ವಾದ. ವಾದ ಸರಿ. ಆದರೆ ಕೊಳ್ಳಲು ಕೊಟ್ಟ ಬೆಲೆಯೂ ವೆಚ್ಚವೇ. ಕಂಪನಿಗಳು ಹೂಡಿಕೆದಾರರಿಗೆ ತೋರಿಸುವ ಸ್ಲೈಡ್‌ಗಳಲ್ಲಿ ಬರುವ 35, 40 ಡಾಲರ್‌ಗೆ ಅಸಲು ಗಿಟ್ಟುತ್ತದೆ ಎಂಬ ಅಂಕಿಯಲ್ಲಿ ಬಹಳ ಸಲ ಜಮೀನಿನ ಬೆಲೆ, ಸಾಲದ ಬಡ್ಡಿ, ಕಚೇರಿಯ ಖರ್ಚು ಸೇರಿರುವುದಿಲ್ಲ. ಟೆಕ್ಸಸ್‌ನ ಡಲ್ಲಾಸ್ ಫೆಡರಲ್ ರಿಸರ್ವ್ ಬ್ಯಾಂಕ್ ಪ್ರತಿವರ್ಷ ಕಂಪನಿಗಳನ್ನೇ ಕೇಳಿ ತಿಳಿಯುವ ಪ್ರಕಾರ, 2025ರಲ್ಲಿ ಹೊಸ ಬಾವಿ ಲಾಭದಾಯಕವಾಗಲು ಸರಾಸರಿ 65 ಡಾಲರ್ ಬೇಕಿತ್ತು. 2023ರಲ್ಲಿ ಇದು 62 ಡಾಲರ್ ಇತ್ತು. ರಿಗ್ ವೇಗ ಹೆಚ್ಚಿದೆ, ಬಾವಿ ಉದ್ದವಾಗಿದೆ, ಆದರೂ ಬೇಕಾದ ಬೆಲೆ ಏರಿದೆ. ಒಳ್ಳೆಯ ಜಾಗಗಳು ಕರಗುತ್ತಿರುವುದು, ಉಕ್ಕಿನ ಮೇಲಿನ ಸುಂಕ, ಹೊರಬರುವ ಉಪ್ಪುನೀರಿನ ವಿಲೇವಾರಿ ಎಲ್ಲವೂ ಉಳಿತಾಯವನ್ನು ತಿನ್ನುತ್ತಿವೆ. ಒಪೆಕ್ ಬಳಗ 2025ರ ಏಪ್ರಿಲ್‌ನಿಂದ ಉತ್ಪಾದನೆ ಹೆಚ್ಚಿಸಿ ಅಮೆರಿಕದ ಕಚ್ಚಾತೈಲ 60 ಡಾಲರ್‌ಗಿಂತ ಕೆಳಗಿಳಿದಾಗ, ಅಮೆರಿಕದ ನೆಲದ ಮೇಲಿನ ತೈಲೋತ್ಪಾದನೆ ತುದಿ ಮುಟ್ಟಿರಬಹುದು ಎಂದು ಡೈಮಂಡ್‌ಬ್ಯಾಕ್‌ನ ಆಗಿನ ಮುಖ್ಯಸ್ಥ ಟ್ರಾವಿಸ್ ಸ್ಟೈಸ್ ಷೇರುದಾರರಿಗೆ ಪತ್ರ ಬರೆದರು. ಷೇರುದಾರರಿಗೆ ಇಷ್ಟು ನೇರವಾಗಿ ಬರೆಯುವ ಮುಖ್ಯಸ್ಥರು ಹೆಚ್ಚಿಗೆ ಇಲ್ಲ.

ಉಳಿಸಬಾರದ ಜಾಗದಲ್ಲಿ ಉಳಿಸಿದರೆ

ಅತಿ ಉಳಿತಾಯದ ಅಪಾಯಕ್ಕೆ ಸಣ್ಣ ಉದಾಹರಣೆ ಕಾಂಚೊ ರಿಸೋರ್ಸಸ್. ಪರ್ಮಿಯನ್‌ನಲ್ಲಿ 23 ಬಾವಿಗಳನ್ನು ಒತ್ತೊತ್ತಾಗಿ ಕೊರೆದ ಅದರ ಡಾಮಿನೇಟರ್ ಯೋಜನೆಯಲ್ಲಿ ಬಾವಿಗಳು ಒಂದರ ತೈಲವನ್ನು ಇನ್ನೊಂದು ಎಳೆದುಕೊಂಡವು. 2019ರ ಆಗಸ್ಟ್ 1ರಂದು, ಒಂದೇ ದಿನದಲ್ಲಿ, ಷೇರು ಶೇ 22ರಷ್ಟು ಬಿತ್ತು.

ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ ಬಿಪಿ ಕಂಪನಿಯದು, ಅದರ ಮೇಲೆ ನಿಂತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಟ್ರಾನ್ಸೋಷನ್ ಕಂಪನಿಯದು. ಕೆಲಸ ವಾರಗಟ್ಟಲೆ ತಡವಾಗಿತ್ತು. ದಿನವೊಂದಕ್ಕೆ ಸುಮಾರು 10 ಲಕ್ಷ ಡಾಲರ್ ಖರ್ಚಾಗುತ್ತಿತ್ತು. ಬಾವಿಯ ತಳಕ್ಕೆ ಸುರಿದ ಸಿಮೆಂಟ್ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಷ್ಲುಂಬರ್ಜರ್‌ನ ತಂಡವೊಂದು ರಿಗ್‌ನಲ್ಲಿ ಸಿದ್ಧವಾಗಿ ಕಾದಿತ್ತು. 2010ರ ಏಪ್ರಿಲ್ 20ರ ಬೆಳಿಗ್ಗೆ, ಪರೀಕ್ಷೆ ಬೇಕಿಲ್ಲ ಎಂದು ಹೇಳಿ ಅವರನ್ನು ಹೆಲಿಕಾಪ್ಟರ್‌ನಲ್ಲಿ ವಾಪಸ್ ಕಳಿಸಲಾಯಿತು. ಆ ಪರೀಕ್ಷೆಗೆ ಆಗುತ್ತಿದ್ದ ಖರ್ಚು 1.28 ಲಕ್ಷ ಡಾಲರ್, ಹಿಡಿಯುತ್ತಿದ್ದ ಸಮಯ ಅರ್ಧ ದಿನ. ಅಂದು ರಾತ್ರಿ ಬಾವಿ ಸಿಡಿಯಿತು, 11 ಮಂದಿ ಸತ್ತರು, 87 ದಿನ ಸಮುದ್ರಕ್ಕೆ ತೈಲ ಹರಿಯಿತು. ತನಿಖೆ ನಡೆಸಿದ ರಾಷ್ಟ್ರೀಯ ಆಯೋಗ, ಅಪಾಯ ಹೆಚ್ಚಿಸಿದ ಅನೇಕ ನಿರ್ಧಾರಗಳು ಸಮಯ ಮತ್ತು ಹಣ ಉಳಿಸುವಂಥವೇ ಆಗಿದ್ದವು ಎಂದು ದಾಖಲಿಸಿತು. ಬಿಪಿ ಕೊನೆಗೆ ತೆತ್ತದ್ದು 6,500 ಕೋಟಿ ಡಾಲರ್‌ಗೂ ಹೆಚ್ಚು. ಷೇರಿನ ಬೆಲೆ ಎರಡು ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಡಿವಿಡೆಂಡ್ ನಿಂತಿತು, ಅದನ್ನು ನಂಬಿದ್ದ ಬ್ರಿಟನ್ನಿನ ಪಿಂಚಣಿ ನಿಧಿಗಳಿಗೂ ಪೆಟ್ಟು ಬಿತ್ತು. ಸಿಮೆಂಟ್, ಒತ್ತಡ ಪರೀಕ್ಷೆ, ಬಾವಿಯ ಬಾಯಿ ಮುಚ್ಚುವ ಕವಾಟದ ನಿರ್ವಹಣೆ ಈ ಮೂರರ ಲೆಕ್ಕದಲ್ಲಿ ಕಡಿತ ಮಾಡಿದ್ದೇವೆ ಎಂದು ಯಾವ ಕಂಪನಿ ಹೇಳಿದರೂ ಅದು ಷೇರುದಾರ ಹೆದರಬೇಕಾದ ಸುದ್ದಿ.

ನಮ್ಮ ಕಡೆಯ ಲೆಕ್ಕ

ಭಾರತದ ದುಡ್ಡೂ ಅಮೆರಿಕದ ಶೇಲ್ ನೆಲದಲ್ಲಿ ಹೂತುಹೋಗಿದೆ. ರಿಲಯನ್ಸ್ 2010ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಅನಿಲ ಕ್ಷೇತ್ರದಲ್ಲಿ ಅಟ್ಲಾಸ್ ಎನರ್ಜಿಯ ಜೊತೆ ಶೇ 40ರ ಪಾಲಿಗೆ 170 ಕೋಟಿ ಡಾಲರ್ ತೊಡಗಿಸಲು ಒಪ್ಪಿತು. ಬಾವಿಗಳ ವೆಚ್ಚ ಇಳಿಯುತ್ತಲೇ ಹೋದ ಹತ್ತು ವರ್ಷಗಳ ನಂತರ, 2021ರಲ್ಲಿ, ಆ ಪಾಲನ್ನು 25 ಕೋಟಿ ಡಾಲರ್ ನಗದು ಮತ್ತು ಕೊಳ್ಳುವ ಕಂಪನಿಯ ಒಂದಿಷ್ಟು ವಾರಂಟ್‌ಗಳಿಗೆ (ಮುಂದೆ ಷೇರು ಕೊಳ್ಳುವ ಹಕ್ಕುಪತ್ರಗಳಿಗೆ) ಮಾರಿತು. ಟೆಕ್ಸಸ್‌ನ ಈಗಲ್ ಫೋರ್ಡ್‌ನಲ್ಲಿದ್ದ ಪಾಲನ್ನೂ ಅದೇ ವರ್ಷ ಬಿಟ್ಟು ಹೊರಬಂತು. ರಿಲಯನ್ಸ್ ದೊಡ್ಡ ಕಂಪನಿ, ತಡೆದುಕೊಂಡಿತು. ಸಣ್ಣ ಕಂಪನಿಯಾಗಿದ್ದರೆ ಷೇರುದಾರರ ಗತಿ ಬೇರೆಯೇ ಆಗುತ್ತಿತ್ತು.

ನಮ್ಮಲ್ಲಿ ಅನೇಕ ಮನೆಗಳಲ್ಲಿರುವುದು ಒಎನ್‌ಜಿಸಿ ಷೇರು. ಇಲ್ಲಿ ಉಳಿತಾಯಕ್ಕೆ ಇನ್ನೂ ಒಬ್ಬ ಹಕ್ಕುದಾರ ಇದ್ದಾನೆ, ಸರ್ಕಾರ. ಡೀಸೆಲ್, ಅಡುಗೆ ಅನಿಲದ ಸಬ್ಸಿಡಿಯ ಹೊರೆಯಲ್ಲಿ ಒಂದು ಪಾಲನ್ನು ವರ್ಷಗಟ್ಟಲೆ ಒಎನ್‌ಜಿಸಿ ಹೊತ್ತಿದೆ. 2018ರ ಜನವರಿಯಲ್ಲಿ ಎಚ್‌ಪಿಸಿಎಲ್‌ನಲ್ಲಿದ್ದ ಸರ್ಕಾರದ ಪಾಲನ್ನು 36,915 ಕೋಟಿ ರೂಪಾಯಿಗೆ ಕೊಂಡು, ಸಾಲದ ಹಂಗಿಲ್ಲದೆ ನಡೆಯುತ್ತಿದ್ದ ಕಂಪನಿ ಸಾಲಗಾರನಾಯಿತು. ಕೊರೆಯುವುದರಲ್ಲಿ ಎಷ್ಟು ಉಳಿಸಿದ್ದರೂ ಈ ಒಂದು ಸಹಿಯ ಮುಂದೆ ಅದು ಏನೇನೂ ಅಲ್ಲ. 2022ರ ಜುಲೈ 1ರಂದು ದೇಶದೊಳಗೆ ತೆಗೆದ ಕಚ್ಚಾತೈಲದ ಮೇಲೆ ಟನ್ನಿಗೆ 23,250 ರೂಪಾಯಿ, ಅಂದರೆ ಬ್ಯಾರೆಲ್‌ಗೆ ಸುಮಾರು 40 ಡಾಲರ್, ಹೆಚ್ಚುವರಿ ಲಾಭದ ತೆರಿಗೆ ಬಿದ್ದಾಗ ಒಎನ್‌ಜಿಸಿ ಷೇರು ಒಂದೇ ದಿನ ಶೇ 13ರಷ್ಟು ಕುಸಿಯಿತು. 2024ರ ಡಿಸೆಂಬರ್‌ನಲ್ಲಿ ಆ ತೆರಿಗೆ ಹೋಯಿತು. ದರ ಮತ್ತೆ ಏರಿದರೆ ಅದು ಮರಳಿ ಬರುವುದಿಲ್ಲ ಎಂಬ ಭರವಸೆಯೇನೂ ಇಲ್ಲ.

ಕರಾವಳಿಯಲ್ಲಿ ಅನೇಕರ ಬಳಿ ಎಂಆರ್‌ಪಿಎಲ್ ಷೇರಿದೆ. 2003ರಿಂದ ಅದು ಒಎನ್‌ಜಿಸಿಯ ಅಂಗಸಂಸ್ಥೆ. ಕೊರೆಯುವ ವೆಚ್ಚ ಇಳಿದರೆ ಮಂಗಳೂರಿನ ಈ ಸಂಸ್ಕರಣಾಗಾರಕ್ಕೂ ಲಾಭ ಎಂಬ ಮಾತು ಕೇಳಿಬರುವುದುಂಟು. ಅದು ಸರಿಯಲ್ಲ. ಕೊಂಡ ಕಚ್ಚಾತೈಲಕ್ಕೂ ಮಾರಿದ ಪೆಟ್ರೋಲ್, ಡೀಸೆಲ್‌ಗೂ ನಡುವಿನ ಅಂತರವೇ ಅದರ ಗಳಿಕೆ. ಯಾವ ದೇಶದ ಬಾವಿ ಎಷ್ಟು ಅಗ್ಗವಾಯಿತು ಎಂಬುದು ಆ ಅಂತರವನ್ನು ನೇರವಾಗಿ ತೀರ್ಮಾನಿಸುವುದಿಲ್ಲ.

ಒಎನ್‌ಜಿಸಿ, ಆಯಿಲ್ ಇಂಡಿಯಾ ಅಥವಾ ವಿದೇಶದ ಯಾವುದೇ ತೈಲ ಕಂಪನಿಯ ಷೇರು ಇಟ್ಟವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ವಾರ್ಷಿಕ ವರದಿ ಬಂದಾಗ ಮುಖ್ಯಸ್ಥರ ಪತ್ರವನ್ನೂ ರಿಗ್‌ಗಳ ಫೋಟೊಗಳನ್ನೂ ದಾಟಿ ನಗದು ಹರಿವಿನ ಪುಟಕ್ಕೆ ಹೋಗಿ. ವ್ಯವಹಾರದಿಂದ ಬಂದ ನಗದು ಎಷ್ಟು, ಬಾವಿಗಳಿಗೆ ಸುರಿದದ್ದು ಎಷ್ಟು, ಸಾಲ ತೀರಿಸಿದ್ದು ಎಷ್ಟು, ಷೇರುದಾರರಿಗೆ ಕೊಟ್ಟದ್ದು ಎಷ್ಟು ಎಂದು ಐದು ವರ್ಷಗಳದ್ದನ್ನು ಅಕ್ಕಪಕ್ಕ ಬರೆದುಕೊಳ್ಳಿ. ಮೇಲಧಿಕಾರಿಗಳ ಬೋನಸ್ ಯಾವ ಅಳತೆಗೋಲಿನ ಮೇಲೆ ನಿಂತಿದೆ ಎಂಬುದನ್ನೂ ನೋಡಿ. ಈಗ ಅನೇಕ ಕಂಪನಿಗಳ ವಾರ್ಷಿಕ ಸಭೆ ವಿಡಿಯೊ ಮೂಲಕವೇ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಹಾವೇರಿಯಲ್ಲೋ ಹೊನ್ನಾಳಿಯಲ್ಲೋ ಕೂತು ಹತ್ತು ಷೇರಿನವರೂ ಪ್ರಶ್ನೆ ಕೇಳಬಹುದು. ಕಳೆದ ವರ್ಷ ಕೊರೆಯುವುದರಲ್ಲಿ ಉಳಿಸಿದ ಹಣ ಎಷ್ಟು, ಅದು ಯಾವ ಲೆಕ್ಕಕ್ಕೆ ಹೋಯಿತು ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬರುವವರೆಗೆ ಹೊಸ ಷೇರು ಕೊಳ್ಳುವ ಅವಸರ ಮಾಡಬೇಡಿ.